ಇತಿಹಾಸದ ಸ್ಪರ್ಧೆ: ಬಹುಮಾನ ಬಾಯಿಪಾಠಕ್ಕೋ, ಹುಡುಕಾಟಕ್ಕೋ?

ನಮ್ಮ ಸಂಘ ಶಾಲಾ ಮಕ್ಕಳಿಗೆ ಇಟ್ಟ ಇತಿಹಾಸ ಸ್ಪರ್ಧೆಗೆ ಬಂದ ನಲವತ್ತಮೂರು ಪ್ರಬಂಧಗಳು ಮೇಜಿನ ಮೇಲಿದ್ದವು. ವಿಷಯ ‘ನಮ್ಮ ಪರಂಪರೆಯ ಮಹತ್ವ’. ನಾಲ್ಕು ಪುಟ ಮೀರಬಾರದು. ಹತ್ತನೆಯದು ಓದುವಾಗ ಸಣ್ಣ ಅನುಮಾನ ಬಂತು, ಹದಿನೈದನೆಯದಕ್ಕೆ ಖಾತ್ರಿಯಾಯಿತು. ‘ಪರಂಪರೆ ಎಂದರೆ ಹಿರಿಯರು ನಮಗೆ ಬಿಟ್ಟುಹೋದ ಅಮೂಲ್ಯ ಕಾಣಿಕೆ’ ಅನ್ನುವ ಒಂದೇ ಸಾಲು ಬೇರೆ ಬೇರೆ ಕೈಬರಹದಲ್ಲಿ, ಬೇರೆ ಬೇರೆ ಶಾಯಿಯಲ್ಲಿ ಮತ್ತೆ ಮತ್ತೆ ಎದುರಾಗುತ್ತಿತ್ತು. ಒಬ್ಬ ಹುಡುಗ ‘ಅಮೂಲ್ಯ’ಕ್ಕೆ ಒತ್ತು ಬಿಟ್ಟಿದ್ದ. ಅವನ ಹಿಂದೆ ಕೂತು ಬರೆದವನೂ ಬಿಟ್ಟಿದ್ದ.

ನನ್ನ ಜತೆ ತೀರ್ಪಿಗೆ ಕೂತಿದ್ದ ಟೀಚರ್ ಕೊನೆಗೆ ಪೆನ್ನು ಕೆಳಗಿಟ್ಟು, ‘ಇದರಲ್ಲಿ ಯಾವುದನ್ನ ಫಸ್ಟ್ ಅಂತ ಕೊಡೋದು ಸಾರ್?’ ಅಂದರು. ಅಕ್ಷರ ದುಂಡಗಿದ್ದ ಒಂದಕ್ಕೆ ಕೊಟ್ಟೆವು. ಮಗು ವೇದಿಕೆ ಹತ್ತಿ ಕಪ್ ತಗೊಂಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾವಿಬ್ಬರೂ ತಟ್ಟಿದೆವು.

ಮಕ್ಕಳು ಸೋಮಾರಿಗಳು, ಎಲ್ಲ ಕಾಪಿ ಹೊಡೆಯುತ್ತಾರೆ ಅಂತ ಬೈದುಕೊಂಡು ಮನೆಗೆ ಹೋಗಬಹುದಿತ್ತು. ಆದರೆ ನಾವು ಕೇಳಿದ ಪ್ರಶ್ನೆಯನ್ನೇ ಸ್ವಲ್ಪ ನೋಡಿ. ‘ಪರಂಪರೆಯ ಮಹತ್ವ ಬರೆಯಿರಿ’ ಅಂದಾಗ ಮಹತ್ವ ಇದೆ ಅನ್ನುವುದನ್ನು ನಾವೇ ತೀರ್ಮಾನ ಮಾಡಿ ಕೊಟ್ಟಿದ್ದೇವೆ. ಮಗುವಿಗೆ ಉಳಿದದ್ದು ಹೊಗಳುವ ಕೆಲಸ. ಹೊಗಳುವುದಕ್ಕೆ ಏನನ್ನೂ ಹುಡುಕಬೇಕಿಲ್ಲ, ನಾಲ್ಕು ದೊಡ್ಡ ಪದ ಗೊತ್ತಿದ್ದರೆ ಸಾಕು. ಆ ಪದಗಳನ್ನು ಹಿಂದೆ ಗೈಡ್ ಕೊಡುತ್ತಿತ್ತು, ಈಗ ಫೋನ್ ಕೊಡುತ್ತದೆ. ಇತಿಹಾಸದ ಸ್ಪರ್ಧೆ ಹೇಗಿರುತ್ತದೆ ಅನ್ನುವುದು ಪ್ರಶ್ನೆ ಬರೆದ ದಿನವೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ ಅಂತ ನನಗೆ ಅನ್ನಿಸಿದ್ದು ಆವತ್ತೇ.

ಶಾಲೆಗಳಿಗೆ ಇತಿಹಾಸ ಹೊತ್ತುಕೊಂಡು ಹೋಗುವ ಸಂಘಗಳು ಬಹಳ ದೇಶಗಳಲ್ಲಿ ಇವೆ. ಭಾರತದಲ್ಲಿ 1984ರಲ್ಲಿ ಶುರುವಾದ, ಪರಂಪರೆ ಉಳಿಸುವ ಕೆಲಸದ ಇಂಟ್ಯಾಕ್ ಅನ್ನುವ ಸಂಸ್ಥೆ ಶಾಲೆಗಳಲ್ಲಿ ಹೆರಿಟೇಜ್ ಕ್ಲಬ್ ನಡೆಸುತ್ತದೆ, ಪ್ರಬಂಧ, ಚಿತ್ರ, ರಸಪ್ರಶ್ನೆ ಸ್ಪರ್ಧೆ ಇಡುತ್ತದೆ. ಅಮೆರಿಕದಲ್ಲಿ 1890ರಲ್ಲಿ ಹುಟ್ಟಿದ ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಅನ್ನುವ ಸಂಘ ಇದೆ. ಆ ದೇಶದ ಸ್ವಾತಂತ್ರ್ಯ ಯುದ್ಧಕ್ಕೆ ನೆರವಾದವರ ವಂಶದ ಹೆಂಗಸರಿಗೆ ಮಾತ್ರ ಅಲ್ಲಿ ಸದಸ್ಯತ್ವ. ಅದು 5ರಿಂದ 8ನೇ ತರಗತಿ ಮಕ್ಕಳಿಗೆ ಇತಿಹಾಸ ಪ್ರಬಂಧ ಸ್ಪರ್ಧೆ ನಡೆಸುತ್ತದೆ. ಕೆಲವು ಸಂಘಗಳು ಹಳೇ ಕಾಲದ ಬಟ್ಟೆ, ನಾಣ್ಯ, ಪಾತ್ರೆಗಳ ನಕಲುಗಳನ್ನು ಒಂದು ಟ್ರಂಕಿನಲ್ಲಿ ತುಂಬಿಕೊಂಡು ಕ್ಲಾಸಿಗೇ ಬರುತ್ತವೆ. ಮಕ್ಕಳು ಮುಟ್ಟಿ ನೋಡಬಹುದು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಕ್ಕಿಂತ ಇದು ಎಷ್ಟೋ ವಾಸಿ.

ಇವರಲ್ಲಿ ಜಾಸ್ತಿ ಜನ ಒಳ್ಳೆಯವರು. ನಿವೃತ್ತ ಮೇಷ್ಟ್ರು, ಹಳೇ ವಕೀಲರು, ಬ್ಯಾಂಕಿನಲ್ಲಿ ಕೆಲಸ ಮಾಡಿ ಈಗ ಹಸ್ತಪ್ರತಿ ಓದುವವರು. ಕೈಯಿಂದ ದುಡ್ಡು ಹಾಕಿಕೊಂಡು ಓಡಾಡುತ್ತಾರೆ. ಆದರೆ ಇಂಥ ಸಂಘಕ್ಕೆ ಹುಟ್ಟಿನಿಂದಲೇ ಒಂದು ತೊಡಕಿರುತ್ತದೆ. ಅದು ಹುಟ್ಟಿದ್ದೇ ಯಾವುದನ್ನೋ ಪ್ರೀತಿಸಿ, ಯಾವುದನ್ನೋ ಉಳಿಸಿಕೊಳ್ಳಬೇಕು ಅಂತ. ಇತಿಹಾಸ ಹಾಗಲ್ಲ. ‘ಅದು ನಿಜಾನಾ? ಯಾರು ಹೇಳಿದ್ದು? ಹೇಳದೇ ಬಿಟ್ಟಿದ್ದು ಏನು?’ ಅಂತ ಕೇಳುತ್ತಾ ಹೋಗುವುದು ಅದರ ಕೆಲಸ. ಇತಿಹಾಸಕಾರ ಡೇವಿಡ್ ಲೋವೆಂತಾಲ್ ಈ ಎರಡರ ನಡುವಿನ ಗೆರೆಯ ಬಗ್ಗೆ ಬಹಳ ಬರೆದರು. ಪರಂಪರೆ ಗತಕಾಲವನ್ನು ಅಪ್ಪಿಕೊಳ್ಳುತ್ತದೆ, ಇತಿಹಾಸ ಅದನ್ನು ಪರೀಕ್ಷೆ ಮಾಡುತ್ತದೆ. ಸ್ಪರ್ಧೆ ಅನ್ನುವುದು ಇವೆರಡೂ ಒಂದೇ ಕೋಣೆಯಲ್ಲಿ ಕೂರಬೇಕಾದ ಜಾಗ. ಅದಕ್ಕೇ ಅಲ್ಲಿ ಇಷ್ಟು ಇಕ್ಕಟ್ಟು.

ಅಪ್ಪಿಕೊಳ್ಳುವುದು ಕೈ ಮೀರಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲೇ ಒಂದು ಕಥೆ ಇದೆ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳು ಸೋತವು. ಆ ಸೈನಿಕರ ವಂಶದ ಹೆಂಗಸರು 1894ರಲ್ಲಿ ‘ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ’ ಅಂತ ಸಂಘ ಕಟ್ಟಿದರು. ಪ್ರತಿಮೆ ನಿಲ್ಲಿಸಿದರು, ಶಾಲೆಗಳಲ್ಲಿ ಪ್ರಬಂಧ ಸ್ಪರ್ಧೆ ಇಟ್ಟರು, ಬಹುಮಾನ ಕೊಟ್ಟರು. ಚಿಕ್ಕ ಮಕ್ಕಳಿಗೆ ಪ್ರಶ್ನೋತ್ತರ ಪುಸ್ತಕ ಮಾಡಿ, ಯುದ್ಧ ಯಾಕೆ ನಡೆಯಿತು ಅನ್ನುವುದಕ್ಕೆ ತಮಗೆ ಬೇಕಾದ ಉತ್ತರವನ್ನು ಬಾಯಿಪಾಠ ಮಾಡಿಸಿದರು. ಸಂಘದ ಇತಿಹಾಸ ವಿಭಾಗ ನೋಡಿಕೊಳ್ಳುತ್ತಿದ್ದ ಮಿಲ್ಡ್ರೆಡ್ ರುದರ್‌ಫೋರ್ಡ್ 1920ರ ಹೊತ್ತಿಗೆ ಪಠ್ಯಪುಸ್ತಕಗಳನ್ನು ಅಳೆಯಲು ಒಂದು ಕೈಪಿಡಿಯನ್ನೇ ತಂದರು. ಗುಲಾಮರ ಯಜಮಾನರನ್ನು ಕ್ರೂರಿಗಳು ಅಂತ ಹೇಳುವ ಪುಸ್ತಕವನ್ನು ತಿರಸ್ಕರಿಸಿ ಅನ್ನುವುದು ಅದರಲ್ಲಿದ್ದ ಒಂದು ಸೂಚನೆ. ಹೀಗೆ ಕಲಿತ ಮಕ್ಕಳೇ ಬೆಳೆದು ಶಾಸಕರಾದರು, ಟೀಚರಾದರು, ಜಡ್ಜ್ ಆದರು. ಆ ಬಾಯಿಪಾಠದ ಗುರುತು ಇವತ್ತಿಗೂ ಪೂರ್ತಿ ಅಳಿಸಿಲ್ಲ. ಒಂದು ಸಣ್ಣ ಬಹುಮಾನ, ಒಂದು ಸರ್ಟಿಫಿಕೇಟು, ವರ್ಷಕ್ಕೊಂದು ಸಮಾರಂಭ. ಇವು ಮಾಡುವ ಕೆಲಸ ಸಣ್ಣದಲ್ಲ ಅಂತ ಆ ಸಂಘಕ್ಕೆ ಚೆನ್ನಾಗಿ ಗೊತ್ತಿತ್ತು. ನಮ್ಮಂಥ ಒಳ್ಳೇ ಮನಸ್ಸಿನ ಸಂಘಗಳಿಗೇ ಅದು ಗೊತ್ತಾಗುವುದಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆ ಜರ್ಮನಿಯದು. 1973ರಲ್ಲಿ ಆಗಿನ ಅಧ್ಯಕ್ಷ ಗುಸ್ಟಾವ್ ಹೈನೆಮನ್ ಮತ್ತು ಹ್ಯಾಂಬರ್ಗಿನ ಉದ್ಯಮಿ ಕುರ್ಟ್ ಕೋರ್ಬರ್ ಸೇರಿ ಶಾಲಾ ಮಕ್ಕಳಿಗೆ ಇತಿಹಾಸ ಸ್ಪರ್ಧೆ ಶುರು ಮಾಡಿದರು. ಈಗ ಅದು ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 21 ದಾಟದವರು ಯಾರು ಬೇಕಾದರೂ ಸೇರಬಹುದು, ಕೆಲಸಕ್ಕೆ ಆರು ತಿಂಗಳು ಸಮಯ. ವಿಷಯ ದೊಡ್ಡದಾಗಿರುತ್ತದೆ, ಆದರೆ ಉತ್ತರವನ್ನು ಮಗು ತನ್ನ ಊರಿನಲ್ಲಿ, ತನ್ನ ಮನೆಯಲ್ಲಿ ಹುಡುಕಬೇಕು. ಪಠ್ಯಪುಸ್ತಕದಲ್ಲಿ ಆ ಉತ್ತರ ಇರುವುದಿಲ್ಲ. ಇರಲು ಸಾಧ್ಯವೂ ಇಲ್ಲ. ಊರಿನ ದಾಖಲೆ ಕೋಣೆಗೆ ಹೋಗಬೇಕು, ಹಳೇ ಪತ್ರಿಕೆ ತಿರುವಬೇಕು, ವಯಸ್ಸಾದವರ ಎದುರು ಕೂತು ಕೇಳಬೇಕು. ಕೊನೆಗೆ ‘ನಾನು ಹೇಗೆ ಕೆಲಸ ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ’ ಅಂತ ಒಂದು ವರದಿಯನ್ನೂ ಜತೆಗಿಡಬೇಕು.

1980ರಲ್ಲಿ ಕೊಟ್ಟ ವಿಷಯ ನಾಜಿ ಆಡಳಿತದಲ್ಲಿ ದಿನನಿತ್ಯದ ಬದುಕು. ದೇಶದ ಬದುಕಲ್ಲ, ನಿಮ್ಮ ಊರಿನದು. ಡ್ಯಾನ್ಯೂಬ್ ನದಿ ದಂಡೆಯ ಪಾಸಾವ್ ಊರಿನ ಆನ್ನಾ ರೋಸ್ಮಸ್ ಅನ್ನುವ ಹುಡುಗಿಗೆ ಆಗ ಇಪ್ಪತ್ತು ವರ್ಷ. ನಮ್ಮೂರಿನವರು ನಾಜಿಗಳನ್ನು ಎದುರಿಸಿ ನಿಂತವರು ಅಂತ ಕೇಳಿಕೊಂಡೇ ಬೆಳೆದವಳು. ಅದನ್ನೇ ಬರೆದರಾಯಿತು ಅಂತ ಹೊರಟಳು. ದಾಖಲೆ ಕೇಳಿದರೆ ಒಂದೊಂದು ಕಡೆ ಒಂದೊಂದು ನೆಪ. ಆ ಕಡತ ಕೊಡಲು ಬರುವುದಿಲ್ಲ, ಈ ಕಡತ ಮುಟ್ಟುವ ಹಾಗಿಲ್ಲ. ಸಿಕ್ಕ ಅಷ್ಟಿಷ್ಟರಲ್ಲೇ ಬೇರೆ ಕಥೆ ಕಾಣಿಸಿತು. ಊರಿನ ಗಣ್ಯರು ಅನ್ನಿಸಿಕೊಂಡ ಕೆಲವರು ಆ ಕಾಲದಲ್ಲಿ ಆಳುವವರ ಜತೆಗೇ ಇದ್ದರು.

ಸ್ಪರ್ಧೆಯ ಗಡುವು ಮುಗಿಯಿತು, ಅವಳ ಹುಡುಕಾಟ ಮುಗಿಯಲಿಲ್ಲ. ದಾಖಲೆ ನೋಡುವ ಹಕ್ಕಿಗಾಗಿ ಕೋರ್ಟಿಗೆ ಹೋದಳು. 1983ರಲ್ಲಿ ಪುಸ್ತಕ ಬಂತು. ಫೋನಿನಲ್ಲಿ, ಅಂಚೆಯಲ್ಲಿ ಬೆದರಿಕೆ ಬಂದವು. ಮರುವರ್ಷ, ನಾಜಿಗಳು 1943ರಲ್ಲಿ ಕೊಂದ ಶೋಲ್ ಅಣ್ಣತಂಗಿಯರ ಹೆಸರಿನ ಪ್ರಶಸ್ತಿಯೂ ಬಂತು. 1990ರಲ್ಲಿ ಅವಳ ಕಥೆ ಸಿನಿಮಾ ಆಗಿ ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. 1994ರಲ್ಲಿ ಅವಳು ಊರು ಬಿಟ್ಟು ಅಮೆರಿಕಕ್ಕೆ ಹೋದಳು.

ಈ ಕಥೆಯನ್ನು ಸಾಮಾನ್ಯವಾಗಿ ಆ ಹುಡುಗಿಯ ಧೈರ್ಯದ ಕಥೆ ಅಂತ ಹೇಳುತ್ತಾರೆ. ಅದು ಸರಿಯೇ. ನನಗೆ ಅದರ ಜತೆಗೆ ಪ್ರಶ್ನೆ ಬರೆದವರ ಧೈರ್ಯವೂ ಕಾಣಿಸುತ್ತದೆ. ‘ನಾಜಿ ಆಡಳಿತದ ಕೆಡುಕುಗಳು’ ಅಂತ ವಿಷಯ ಕೊಟ್ಟಿದ್ದರೆ ಸಾವಿರಾರು ಮಕ್ಕಳು ಹಿಟ್ಲರನ ಬಗ್ಗೆ ಬರೆದು ಕಳಿಸುತ್ತಿದ್ದರು, ಯಾರಿಗೂ ನೋವಾಗುತ್ತಿರಲಿಲ್ಲ. ಹಿಟ್ಲರ್ ಸತ್ತಾಗಿತ್ತು. ಪಕ್ಕದ ಬೀದಿಯ ಅಂಗಡಿಯವರು ಸತ್ತಿರಲಿಲ್ಲ. ‘ನಿಮ್ಮ ಊರಿನಲ್ಲಿ’ ಅನ್ನುವ ಒಂದೇ ಮಾತು ಇಡೀ ಸ್ಪರ್ಧೆಯನ್ನು ಬೇರೆಯೇ ಮಾಡಿಬಿಟ್ಟಿತು.

ಅಮೆರಿಕದ ‘ನ್ಯಾಷನಲ್ ಹಿಸ್ಟರಿ ಡೇ’ ಇನ್ನೊಂದು ದಾರಿ ಹಿಡಿಯಿತು. 1974ರಲ್ಲಿ ಕ್ಲೀವ್‌ಲ್ಯಾಂಡಿನ ಇತಿಹಾಸ ಪ್ರಾಧ್ಯಾಪಕ ಡೇವಿಡ್ ವ್ಯಾನ್ ಟಾಸೆಲ್ ಇದನ್ನು ಶುರು ಮಾಡಿದರು. ಅವರ ತಲೆಯಲ್ಲಿದ್ದದ್ದು ವಿಜ್ಞಾನ ಮೇಳ. ವಿಜ್ಞಾನದಲ್ಲಿ ಮಗು ಪ್ರಯೋಗ ಮಾಡಿ ತೋರಿಸುತ್ತದೆ, ಇತಿಹಾಸದಲ್ಲಿ ಯಾಕೆ ಬರೀ ಒಪ್ಪಿಸಬೇಕು? ಇವತ್ತು ವರ್ಷಕ್ಕೆ ಐದು ಲಕ್ಷಕ್ಕೂ ಜಾಸ್ತಿ ಮಕ್ಕಳು ಅದರಲ್ಲಿ ಭಾಗವಹಿಸುತ್ತಾರೆ ಅಂತ ಸಂಸ್ಥೆ ಹೇಳುತ್ತದೆ. ಪ್ರಬಂಧ, ಪ್ರದರ್ಶನ ಫಲಕ, ಸಾಕ್ಷ್ಯಚಿತ್ರ, ನಾಟಕ, ವೆಬ್‌ಸೈಟ್ ಅಂತ ಐದು ಬಗೆ. ಮಾತಿನಲ್ಲಿ ಜಾಣರಲ್ಲದವರಿಗೂ, ಚಿತ್ರ ಬಿಡಿಸುವವರಿಗೂ ಒಂದು ಜಾಗ ಇದೆ. ಅಂಕ ಹಾಕುವ ಲೆಕ್ಕ ಮಾತ್ರ ಕಟ್ಟುನಿಟ್ಟು. ನೂರಕ್ಕೆ 80 ಪಾಲು ಇತಿಹಾಸದ ಗುಣಕ್ಕೆ, ಅಂದರೆ ಆಧಾರ ಏನು, ವಾದ ಏನು, ಬೇರೆಯವರ ದೃಷ್ಟಿ ನೋಡಿದ್ದಾರಾ ಅನ್ನುವುದಕ್ಕೆ. ಹೇಳುವ ಚಂದಕ್ಕೆ ಬರೀ 20. ನಾವು ದುಂಡಕ್ಷರಕ್ಕೆ ಫಸ್ಟ್ ಕೊಟ್ಟಿದ್ದು ನೆನಪಾಗಿ ಈ ಸಾಲು ಓದುವಾಗ ಸ್ವಲ್ಪ ನಾಚಿಕೆಯಾಯಿತು.

ಈ ಸ್ಪರ್ಧೆಯಿಂದ ಹುಟ್ಟಿದ ಒಂದು ಕಥೆ ಬಹಳ ಕಡೆ ಓಡಾಡುತ್ತದೆ. 1999ರಲ್ಲಿ ಕ್ಯಾನ್ಸಸ್ ರಾಜ್ಯದ ಹಳ್ಳಿಗಾಡಿನ ಒಂದು ಶಾಲೆಯ ಮೇಷ್ಟ್ರು ಕೆಲವು ಹುಡುಗಿಯರ ಕೈಗೆ ಪತ್ರಿಕೆಯ ಒಂದು ತುಣುಕು ಕೊಟ್ಟರು. ಇರೇನಾ ಸೆಂಡ್ಲರ್ ಅನ್ನುವ ಪೋಲೆಂಡಿನ ಹೆಂಗಸು ವಾರ್ಸಾದ ಗೆಟ್ಟೋದಿಂದ, ಅಂದರೆ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಿಂದ, 2,500 ಯಹೂದಿ ಮಕ್ಕಳನ್ನು ಉಳಿಸಿದಳು ಅಂತ ಅದರಲ್ಲಿತ್ತು. ಇಷ್ಟು ದೊಡ್ಡ ಸಂಖ್ಯೆ, ಹೆಸರೇ ಕೇಳಿಲ್ಲವಲ್ಲ, ಅಚ್ಚಿನ ತಪ್ಪಿರಬೇಕು, ನೋಡಿ ಅಂದರು. ಹುಡುಗಿಯರು ನೋಡುತ್ತಾ ಹೋದರು, ಹತ್ತು ನಿಮಿಷದ ನಾಟಕ ಬರೆದರು. ಅವಳ ಸಮಾಧಿ ಎಲ್ಲಿದೆ ಅಂತ ವಿಚಾರಿಸಿದಾಗ ಗೊತ್ತಾಯಿತು, ಅವಳು ಇನ್ನೂ ಬದುಕಿದ್ದಾಳೆ, ವಾರ್ಸಾದಲ್ಲೇ ಇದ್ದಾಳೆ ಅಂತ. 2001ರಲ್ಲಿ ಹೋಗಿ ಭೇಟಿಯಾದರು. 2008ರಲ್ಲಿ, 98ನೇ ವಯಸ್ಸಿನಲ್ಲಿ ಅವಳು ತೀರಿಕೊಂಡಳು.

ಕಥೆ ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ. ಆದರೆ ಯಹೂದಿ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ 1965ರಲ್ಲೇ ಅವಳನ್ನು ಗೌರವಿಸಿತ್ತು. ಅಂದರೆ ಅವಳನ್ನು ಮೊದಲು ಪತ್ತೆ ಮಾಡಿದ್ದು ಆ ಹುಡುಗಿಯರಲ್ಲ. ಜಗತ್ತಿನ ಕಿವಿಗೆ ಮುಟ್ಟಿಸಿದವರು ಅವರು. ಇನ್ನು 2,500 ಅನ್ನುವ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆ ಇದೆ. ಆ ಕೆಲಸದಲ್ಲಿ ಅವಳ ಜತೆ ಕೈಜೋಡಿಸಿದ ಇತರ ಹೆಂಗಸರ ಹೆಸರು ಹಿಂದೆ ಬಿದ್ದಿದೆ. ಮೇಷ್ಟ್ರು ಮೊದಲ ದಿನ ಕೇಳಿದ್ದು ಒಳ್ಳೆಯ ಪ್ರಶ್ನೆ, ‘ಈ ಸಂಖ್ಯೆ ಸರಿಯಾ?’. ನಾಟಕ ಗೆದ್ದ ಮೇಲೆ ಆ ಪ್ರಶ್ನೆಯನ್ನು ಯಾರು ಕೇಳುತ್ತಾರೆ? ಒಳ್ಳೆಯ ಸ್ಪರ್ಧೆಯಲ್ಲೂ ಕಥೆ ಚೆನ್ನಾಗಿ ಕೂತಷ್ಟೂ ಅದನ್ನು ಮತ್ತೆ ಬಿಚ್ಚಿ ನೋಡುವುದು ಕಷ್ಟವಾಗುತ್ತದೆ. ಆ ಹುಡುಗಿಯರ ಕೆಲಸದ ಬೆಲೆ ಇದರಿಂದ ಕಮ್ಮಿ ಆಗುವುದಿಲ್ಲ.

ಇನ್ನೊಂದು ಉದಾಹರಣೆ ಇದೆ, ಬೇಗ ಹೇಳಿ ಮುಗಿಸುತ್ತೇನೆ. 1964ರ ಜೂನ್ 21ರಂದು ಮಿಸಿಸಿಪಿಯಲ್ಲಿ ನಾಗರಿಕ ಹಕ್ಕುಗಳ ಮೂವರು ಕಾರ್ಯಕರ್ತರ ಕೊಲೆಯಾಯಿತು. ಇಲಿನಾಯ್ ರಾಜ್ಯದ ಮೂವರು ವಿದ್ಯಾರ್ಥಿನಿಯರು ಇದೇ ಸ್ಪರ್ಧೆಗಾಗಿ ಆ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಆರೋಪಿ ಎಡ್ಗರ್ ರೇ ಕಿಲ್ಲನ್‌ನ ಸಂದರ್ಶನವೂ ಸಿಕ್ಕಿತು. 2005ರಲ್ಲಿ, ಸರಿಯಾಗಿ 41 ವರ್ಷದ ಮೇಲೆ ಅದೇ ತಾರೀಖಿಗೆ, ಅವನು ತಪ್ಪಿತಸ್ಥ ಅಂತ ತೀರ್ಪು ಬಂತು. ಪತ್ರಕರ್ತ ಜೆರ್ರಿ ಮಿಚೆಲ್ ವರ್ಷಗಟ್ಟಲೆ ಈ ಪ್ರಕರಣದ ಬೆನ್ನು ಬಿದ್ದಿದ್ದರು, ಸತ್ತವರ ಮನೆಯವರು ಬಿಟ್ಟಿರಲಿಲ್ಲ. ಎಲ್ಲ ಮಕ್ಕಳೇ ಮಾಡಿದರು ಅಂದರೆ ಸುಳ್ಳಾಗುತ್ತದೆ. ಆದರೆ ದೊಡ್ಡವರ ಪ್ರಯತ್ನಕ್ಕೆ ಅವರೂ ಕೈಜೋಡಿಸಿದರು.

ಮಕ್ಕಳು ಇದರಿಂದ ಕಲಿಯುವುದಾದರೂ ಏನು? ಇಸವಿ, ಹೆಸರುಗಳನ್ನು ರಸಪ್ರಶ್ನೆಯೂ ಕಲಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಂಟು ಇತಿಹಾಸಕಾರರು, ಎಂಟು ಹೈಸ್ಕೂಲ್ ಮಕ್ಕಳು. 1775ರ ಲೆಕ್ಸಿಂಗ್ಟನ್ ಕದನದ ಬಗ್ಗೆ ಒಂದಕ್ಕೊಂದು ಹೊಂದದ ಹೇಳಿಕೆಗಳನ್ನು ಕೊಟ್ಟು, ಓದುತ್ತಾ ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳಿ ಅಂದರು. ಮಕ್ಕಳು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪಾಠ ಓದಿದ ಹಾಗೆ ಓದಿದರು. ಇತಿಹಾಸಕಾರರ ಕಣ್ಣು ಸೀದಾ ಕೆಳಗಿನ ಸಹಿಗೆ ಹೋಯಿತು. ಯಾರು ಬರೆದದ್ದು, ಯಾವಾಗ, ಯಾಕೆ? ಅದು ಗೊತ್ತಾದ ಮೇಲೆ ಓದಲು ಶುರು. ಅವರಲ್ಲಿ ಕೆಲವರಿಗೆ ಆ ಕಾಲದ ಅಮೆರಿಕದ ಇತಿಹಾಸ ಅಷ್ಟೇನೂ ಗೊತ್ತಿರಲಿಲ್ಲ. ಆದರೂ ಓದುವ ರೀತಿ ಗೊತ್ತಿತ್ತು.

ಈ ಅಭ್ಯಾಸ ಬಂದರೆ ಸ್ಪರ್ಧೆ ಗೆದ್ದ ಹಾಗೆ. ಇದನ್ನು ಕಲಿಸಲು ದೊಡ್ಡ ದುಡ್ಡೇನೂ ಬೇಡ. ಒಂದೇ ಘಟನೆಯ ಎರಡು ವರದಿ, ಒಂದು ಫೋಟೋ, ಒಂದು ಪತ್ರ ಕೊಟ್ಟು ‘ಇವರಲ್ಲಿ ಯಾರನ್ನು ನಂಬುತ್ತೀಯ, ಯಾಕೆ?’ ಅಂತ ಕೇಳಿದರೆ ಆಯಿತು. ಆದರೂ ಸಂಘಗಳು ರಸಪ್ರಶ್ನೆಯನ್ನೇ ಇಷ್ಟಪಡುತ್ತವೆ. ಬೇಗ ಮುಗಿಯುತ್ತದೆ, ಅಂಕದಲ್ಲಿ ಜಗಳ ಇಲ್ಲ, ಸಭಿಕರಿಗೂ ಮಜಾ. ರಸಪ್ರಶ್ನೆ ಬೇಡ ಅಂತ ನಾನು ಹೇಳುವುದಿಲ್ಲ. ಅದು ಉಪ್ಪಿನಕಾಯಿ ಇದ್ದ ಹಾಗೆ. ಅದನ್ನೇ ಊಟ ಅಂತ ಬಡಿಸಬಾರದು, ಅಷ್ಟೇ.

ಮಕ್ಕಳ ಹುಡುಕಾಟ ದೊಡ್ಡವರಿಗೆ ಇಷ್ಟವಾಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ರಷ್ಯಾದ ‘ಮೆಮೋರಿಯಲ್’ ಸಂಸ್ಥೆಯನ್ನು ನೋಡಬೇಕು. ಸೋವಿಯತ್ ಕಾಲದ ದಮನದಲ್ಲಿ ಸತ್ತವರ, ಜೈಲು ಸೇರಿದವರ ಹೆಸರು ಕಲೆಹಾಕಿದ ಸಂಸ್ಥೆ ಅದು. 1999ರಿಂದ ಶಾಲಾ ಮಕ್ಕಳಿಗೆ 20ನೇ ಶತಮಾನದ ರಷ್ಯಾದಲ್ಲಿ ಸಾಮಾನ್ಯ ಮನುಷ್ಯ ಹೇಗೆ ಬದುಕಿದ ಅನ್ನುವ ಸ್ಪರ್ಧೆ ನಡೆಸಿತು. ಮಕ್ಕಳು ಅಜ್ಜಿಯ ಪೆಟ್ಟಿಗೆ ತೆಗೆದು ಪತ್ರ ಓದಿದರು, ಮನೆಯಲ್ಲಿ ಯಾರೂ ಎತ್ತದ ಮಾತು ಎತ್ತಿದರು. 2016ರ ಏಪ್ರಿಲ್‌ನಲ್ಲಿ ಮಾಸ್ಕೋದಲ್ಲಿ ಬಹುಮಾನ ಕೊಡುವ ದಿನ ಒಂದು ಗುಂಪು ಬಾಗಿಲಲ್ಲಿ ನಿಂತು, ಬಂದವರ ಮೇಲೆ ಮೊಟ್ಟೆ ಎಸೆಯಿತು. ಲೇಖಕಿ ಲ್ಯುದ್ಮಿಲಾ ಉಲಿತ್ಸ್ಕಾಯಾ ಅವರ ಮುಖಕ್ಕೆ ಹಸಿರು ಬಣ್ಣದ ಔಷಧಿ ಎರಚಿತು. ದೂರದ ಊರುಗಳಿಂದ ಬಂದ ಹೈಸ್ಕೂಲ್ ಮಕ್ಕಳು ಇದರ ನಡುವೆಯೇ ಒಳಗೆ ಹೋಗಬೇಕಾಯಿತು. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಂಸ್ಥೆಯನ್ನೇ ಮುಚ್ಚಲು ಆದೇಶಿಸಿತು. ಮರುವರ್ಷ ಅದಕ್ಕೆ ಶಾಂತಿ ನೊಬೆಲ್‌ನಲ್ಲಿ ಪಾಲು ಬಂತು.

ಎಲ್ಲ ಕಡೆ ಇಷ್ಟು ಜೋರಾಗಿ ನಡೆಯುವುದಿಲ್ಲ. ಜಾಸ್ತಿ ಕಡೆ ಸದ್ದೇ ಇಲ್ಲದೆ ನಡೆಯುತ್ತದೆ. ಹಣ ನಿಲ್ಲುತ್ತದೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಮಾನವಿಕ ವಿಷಯಗಳ ನಿಧಿಯಿಂದ ಕೊಡುತ್ತಿದ್ದ ಬಹಳಷ್ಟು ಅನುದಾನಗಳನ್ನು ಏಕಾಏಕಿ ರದ್ದು ಮಾಡಿದಾಗ ನ್ಯಾಷನಲ್ ಹಿಸ್ಟರಿ ಡೇ ಕೂಡ ಏಟು ತಿಂದಿತು. ಸ್ಪರ್ಧೆಯ ಋತು ನಡೆಯುತ್ತಿತ್ತು, ರಾಷ್ಟ್ರಮಟ್ಟದ ಸುತ್ತಿಗೆ ಎರಡು ತಿಂಗಳು ಬಾಕಿ ಇತ್ತು.

ಈಗಿನ ದೊಡ್ಡ ತಲೆನೋವು ಇನ್ನೊಂದು. ಮಗು ಫೋನಿನಲ್ಲಿ ಎರಡು ಸಾಲು ಟೈಪ್ ಮಾಡಿದರೆ ಎಐ ಅರ್ಧ ನಿಮಿಷದಲ್ಲಿ ಪ್ರಬಂಧ ಬರೆದು ಕೊಡುತ್ತದೆ. ಕಾಗುಣಿತದ ತಪ್ಪೂ ಇರುವುದಿಲ್ಲ. ಪತ್ತೆ ಹಚ್ಚುವ ಸಾಫ್ಟ್‌ವೇರ್ ಹಾಕೋಣ ಅಂತ ಕೆಲವರು ಹೇಳುತ್ತಾರೆ. ಅವು ಸ್ವಂತ ಬರೆದವರನ್ನೂ ಎಷ್ಟೋ ಸಲ ಕಳ್ಳರ ಪಟ್ಟಿಗೆ ಸೇರಿಸುತ್ತವೆ. ಹದಿಮೂರು ವರ್ಷದ ಮಗುವನ್ನು ಯಂತ್ರದ ಮಾತು ಕೇಳಿ ಸುಳ್ಳುಗಾರ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಎಐ ಬರುವ ಮುಂಚೆ ಎಲ್ಲ ಸರಿಯಿತ್ತಾ ಅಂದರೆ ಅದೂ ಇಲ್ಲ. ಅಪ್ಪ ಬರೆದುಕೊಟ್ಟ ಭಾಷಣ, ಅಕ್ಕ ಬಿಡಿಸಿಕೊಟ್ಟ ಚಾರ್ಟು ಇವೆಲ್ಲ ಹಳೇ ವ್ಯವಹಾರ. ಆಗ ಮನೆಯಲ್ಲಿ ಓದಿದವರಿದ್ದ ಮಗುವಿಗೆ ಮಾತ್ರ ಆ ಅನುಕೂಲ ಇತ್ತು. ಈಗ ಎಲ್ಲರಿಗೂ ಸಿಕ್ಕಿದೆ, ಗಲಾಟೆ ಜೋರಾಗಿದೆ.

ಎಐಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುವುದು ಕಾಪಿ ಪತ್ತೆ ಹಚ್ಚುವುದಕ್ಕಿಂತ ಸುಲಭ. ಪರಂಪರೆಯ ಮಹತ್ವ ಅದಕ್ಕೆ ಚೆನ್ನಾಗಿ ಗೊತ್ತು. ನಿನ್ನ ಅಜ್ಜಿ ಶಾಲೆ ಯಾಕೆ ಬಿಟ್ಟರು ಅನ್ನುವುದು ಗೊತ್ತಿಲ್ಲ. ಸುಳ್ಳು ಕಟ್ಟಿ ಹೇಳಬಹುದು. ಅದಕ್ಕೇ ಬರಹದ ಜತೆ ಹುಡುಕಾಟದ ಗುರುತುಗಳನ್ನೂ ಕೇಳಬೇಕು. ಯಾರನ್ನು, ಯಾವತ್ತು ಮಾತಾಡಿಸಿದೆ, ಯಾವ ಕಾಗದ ನೋಡಿದೆ, ಅದರ ಫೋಟೋ ಎಲ್ಲಿ, ಮೊದಲು ಏನು ಅಂದುಕೊಂಡಿದ್ದೆ, ಆಮೇಲೆ ಯಾಕೆ ಮನಸ್ಸು ಬದಲಾಯಿತು. ನ್ಯಾಷನಲ್ ಹಿಸ್ಟರಿ ಡೇಯಲ್ಲಿ ಇಂಥದಕ್ಕೆ 500 ಪದ ಮೀರದ ಟಿಪ್ಪಣಿ ಕಡ್ಡಾಯ. ಆಮೇಲೆ ಐದು ನಿಮಿಷ ಮಗುವನ್ನು ಎದುರು ಕೂರಿಸಿಕೊಂಡು ಮಾತಾಡಿದರೆ ಸಾಕು. ಹುಡುಕಿದವರಿಗೆ ಹೇಳಲು ಪ್ರಬಂಧದಲ್ಲಿ ಇರುವುದಕ್ಕಿಂತ ಜಾಸ್ತಿ ಇರುತ್ತದೆ. ಕೇಳದಿದ್ದರೂ ಹೇಳುತ್ತಾರೆ.

ಇದಕ್ಕೆ ತೀರ್ಪುಗಾರರ ಸಮಯ ಬೇಕು ಅನ್ನುವುದು ನಿಜ. ನಲವತ್ತಮೂರು ಮಕ್ಕಳಿಗೆ ಐದೈದು ನಿಮಿಷ ಅಂದರೆ ಮೂರೂವರೆ ಗಂಟೆಗೂ ಮೇಲೆ. ಸಮಾರಂಭದ ಭಾಷಣ ಮೊಟಕು ಮಾಡಿದರೆ ಅರ್ಧ ಸಿಗುತ್ತದೆ ಅಂತ ಒಮ್ಮೆ ಹೇಳಿ, ಸಭೆಯಲ್ಲಿ ಎಲ್ಲರ ಕೆಂಗಣ್ಣಿಗೆ ಗುರಿಯಾಗಿದ್ದೇನೆ.

ಹುಡುಕಾಟದ ಸ್ಪರ್ಧೆಯಲ್ಲೂ ಸಮಾನತೆ ತಾನಾಗಿ ಬರುವುದಿಲ್ಲ. ಮನೆಯಲ್ಲಿ ನಾಲ್ಕು ತಲೆಮಾರಿನ ಫೋಟೋ ಇರುವ ಮಗು ಒಂದು ಕಡೆ. ಊರಿಂದೂರಿಗೆ ಕೆಲಸ ಹುಡುಕಿಕೊಂಡು ಬಂದವರ ಮಗು ಇನ್ನೊಂದು ಕಡೆ, ಅದರ ಮನೆಯಲ್ಲಿ ಇರುವುದು ಒಂದು ಗುರುತಿನ ಚೀಟಿ. ‘ನಿಮ್ಮ ಮನೆತನದ ಇತಿಹಾಸ ಬರೆಯಿರಿ’ ಅಂದರೆ ಎರಡನೇ ಮಗು ಅಲ್ಲೇ ಸೋತಿತು. ‘ನೀವು ಇಲ್ಲಿಗೆ ಹೇಗೆ ಬಂದಿರಿ?’ ಅಂದರೆ ಅದರ ಹತ್ತಿರವೇ ಜಾಸ್ತಿ ಕಥೆ ಇದೆ. ಇನ್ನೂ ಒಂದು ಎಚ್ಚರಿಕೆ ಬೇಕು. ಮನೆಯ ನೋವಿನ ಮಾತು ಬರೆದು ಕೊಟ್ಟರೆ ಮಾತ್ರ ಬಹುಮಾನ ಅಂತ ಮಕ್ಕಳಿಗೆ ಅನ್ನಿಸಬಾರದು. ಹೇಳಲು ಇಷ್ಟವಿಲ್ಲದವರಿಗೆ ಬೀದಿ, ಸೇತುವೆ, ಬಾವಿ, ಶಾಲೆ ಇವೆಯಲ್ಲ.

ನಮ್ಮ ಸಂಘ ಮರುವರ್ಷ ಪ್ರಶ್ನೆ ಬದಲಾಯಿಸಿತು. ‘ನಿಮ್ಮ ಶಾಲೆ ಕಟ್ಟಿಸಿದ್ದು ಯಾರು? ನಿಮಗೆ ಹೇಗೆ ಗೊತ್ತಾಯಿತು?’ ನಲವತ್ತಮೂರಿದ್ದ ಪ್ರಬಂಧ ಹನ್ನೊಂದಕ್ಕೆ ಇಳಿಯಿತು. ಸ್ಪರ್ಧೆ ನೆಲಕಚ್ಚಿತು ಅಂತ ಕೆಲವರಿಗೆ ಬೇಜಾರು. ಹನ್ನೊಂದರಲ್ಲಿ ಏಳು ಮಕ್ಕಳು ಗೋಡೆ ಮೇಲಿನ ಕಲ್ಲಿನಲ್ಲಿ ಕೆತ್ತಿದ ಹೆಸರು ನೋಡಿ ಅದನ್ನೇ ಬರೆದಿದ್ದರು. ಒಬ್ಬಳು ಹುಡುಗಿ ಮಾತ್ರ ಶಾಲೆಯ ಅಲ್ಮೇರಾದಲ್ಲಿದ್ದ ಹಳೇ ಲೆಕ್ಕದ ಪುಸ್ತಕ ತೆಗೆಸಿ ನೋಡಿದ್ದಳು. ಕಲ್ಲಿನಲ್ಲಿ ಹೆಸರಿದ್ದ ದಾನಿ ಕೊಟ್ಟದ್ದು ಚಾವಣಿಯ ಖರ್ಚು. ಗೋಡೆಗೆ ಸುತ್ತಲಿನ ಮನೆಗಳವರು ಚಿಲ್ಲರೆ ಚಿಲ್ಲರೆ ಕೊಟ್ಟಿದ್ದರು. ದುಡ್ಡಿಲ್ಲದವರ ಹೆಸರಿನ ಮುಂದೆ ‘ಆಳು, 3 ದಿನ’, ‘ಆಳು, 5 ದಿನ’ ಅಂತ ಇತ್ತು. ಕೊನೆಯಲ್ಲಿ ಅವಳು ಬರೆದಿದ್ದಳು: ‘ಕಲ್ಲು ಚಿಕ್ಕದು, ಆದ್ದರಿಂದ ಎಲ್ಲರ ಹೆಸರು ಹಿಡಿಸಿಲ್ಲ ಅಂತ ನಮ್ಮ ಟೀಚರ್ ಹೇಳಿದರು. ನಾನು ಅಳತೆ ಮಾಡಿ ನೋಡಿದೆ, ಇನ್ನೂ ಜಾಗ ಇದೆ.’

ಆ ದಾನಿಯ ಮನೆಯವರೊಬ್ಬರು ನಮ್ಮ ಸಂಘದ ಸಮಿತಿಯಲ್ಲಿದ್ದರು. ಎರಡು ಸಭೆ ನಡೆಯಿತು. ಮಗುವಿನ ಕೈಯಲ್ಲಿ ಇಂಥದ್ದು ಬರೆಸಬಾರದಿತ್ತು ಅಂತ ಒಬ್ಬರು, ಬರೆಸಿದ್ದು ನಾವಲ್ಲ, ಅವಳೇ ಬರೆದದ್ದು ಅಂತ ಇನ್ನೊಬ್ಬರು. ಕೊನೆಗೆ ಮೊದಲ ಬಹುಮಾನ ಅವಳಿಗೇ ಹೋಯಿತು, ಸಮಾರಂಭಕ್ಕೆ ಆ ಸದಸ್ಯರು ಬರಲಿಲ್ಲ. ಮುಂದಿನ ವರ್ಷ ಅದೇ ಲೆಕ್ಕದ ಪುಸ್ತಕ ನೋಡಬೇಕು ಅಂತ ಇನ್ನಿಬ್ಬರು ಹುಡುಗರು ಶಾಲೆಯಲ್ಲಿ ಕೇಳಿದರಂತೆ. ಅಲ್ಮೇರಾದ ಬೀಗದ ಕೈ ಸಿಗುತ್ತಿಲ್ಲ ಅಂತ ಉತ್ತರ ಬಂತು. ಅಷ್ಟರಲ್ಲಿ ಆ ಹುಡುಗಿ ಅಮ್ಮನ ಫೋನಿನಲ್ಲಿ ಇಪ್ಪತ್ತೆರಡು ಪುಟದ ಫೋಟೋ ತೆಗೆದಿಟ್ಟುಕೊಂಡಿದ್ದಳು.